ಗುಡ್ಡಕ್ಕೆ ಬಂದವರನ್ನು ಎಣಿಸುವ ಪಾಠ

ಹೋದ ತಿಂಗಳು ಇದೇ ಅಂಕಣದಲ್ಲಿ ನಾಲ್ಕೇ ಸಾಲು ಬರೆದಿದ್ದೆ. ಪ್ರವಾಸಿಗರು ಗುಡ್ಡ, ಹೊಳೆ ಎಲ್ಲಾ ಹಾಳು ಮಾಡುತ್ತಾರೆ ಅಂತ ಮಕ್ಕಳ ಕೈಯಲ್ಲಿ ಘೋಷಣೆ ಕೂಗಿಸುತ್ತೇವೆ, ಅದರ ಬದಲು ಬಂದ ಜನರನ್ನು ಹೇಗೆ ಸಂಭಾಳಿಸಬೇಕು ಎಂಬುದನ್ನೇ ಒಂದು ಪಾಠ ಮಾಡಬಹುದಲ್ವಾ ಅಂತ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಕೊಪ್ಪಳ, ಬಳ್ಳಾರಿ, ರಾಯಚೂರು ಕಡೆಯಿಂದಲೇ ಜಾಸ್ತಿ. ಒಂದೆರಡು ಬೈಗುಳವೂ ಇವೆ, ಅವನ್ನೂ ಬಿಟ್ಟಿಲ್ಲ.

ಪ್ರಶ್ನೆ: ಸರ್, ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಅಂಜನಾದ್ರಿ, ಸಾಣಾಪುರ ಕೆರೆ ಎಲ್ಲಾ ನಮ್ಮ ಮಕ್ಕಳಿಗೆ ಮನೆಯ ಹಿತ್ತಲು ಇದ್ದ ಹಾಗೆ. ಪರಿಸರ ದಿನಕ್ಕೆ ಚಿತ್ರ ಬರೆಯುತ್ತಾರೆ, ಜಾಥಾ ಮಾಡುತ್ತಾರೆ. ಮರುದಿನ ಅದೇ ಮಕ್ಕಳು ಚಿಪ್ಸ್ ಪಾಕೀಟು ಅಲ್ಲೇ ಬಿಸಾಡುತ್ತಾರೆ. ಬೇರೆ ಏನು ಮಾಡಿಸಬಹುದು?
— ಒಬ್ಬ ಶಿಕ್ಷಕಿ, ಗಂಗಾವತಿ ತಾಲ್ಲೂಕು

ಉತ್ತರ: ಮೇಡಂ, ಜಾಥಾದಲ್ಲಿ ಮಕ್ಕಳು ಬೇರೆಯವರಿಗೆ ಹೇಳುತ್ತಾ ಹೋಗುತ್ತಾರೆ. ತಾವೂ ಆ ಗುಡ್ಡಕ್ಕೆ ಬಂದವರೇ ಅಂತ ಅವರಿಗೆ ಅನ್ನಿಸಿರುವುದಿಲ್ಲ. ಹಾಗಾಗಿ ಬಾಯಿಗೆ ಕೆಲಸ ಕೊಡುವುದನ್ನು ಬಿಟ್ಟು ಕಣ್ಣಿಗೆ, ಕೈಗೆ ಕೊಡಿ.

ಅಂಜನಾದ್ರಿಗೆ 575 ಮೆಟ್ಟಿಲು ಅಂತ ನಿಮ್ಮ ಮಕ್ಕಳಿಗೆ ಬಾಯಿಪಾಠವೇ ಇರುತ್ತದೆ. ಒಂದು ಶನಿವಾರ ಬೆಳಗ್ಗೆ ಮೂರು ಗುಂಪು ಮಾಡಿ ಕೆಳಗೆ, ನಡುವೆ, ಮೇಲೆ ನಿಲ್ಲಿಸಿ. ಹದಿನೈದು ನಿಮಿಷ ಎಣಿಸಬೇಕು. ಎಷ್ಟು ಜನ ಅಂತ ಮಾತ್ರ ಅಲ್ಲ, ಹತ್ತುವವರ ಕೈಯಲ್ಲಿ ಏನಿದೆ, ಇಳಿಯುವವರ ಕೈಯಲ್ಲಿ ಏನಿದೆ ಅಂತ ಎರಡು ಕಾಲಂ ಹಾಕಿಸಿ. ನೀರಿನ ಬಾಟಲಿ, ಬಾಳೆಹಣ್ಣು, ತೆಂಗಿನಕಾಯಿ, ಪ್ಲಾಸ್ಟಿಕ್ ಚೀಲ. ಹತ್ತುವಾಗ ನೂರು ಬಾಟಲಿ ಕಂಡು ಇಳಿಯುವಾಗ ಮೂವತ್ತು ಕಂಡರೆ ಉಳಿದ ಎಪ್ಪತ್ತು ಎಲ್ಲಿ ಹೋದವು? ಇದನ್ನು ನೀವು ಹೇಳಬೇಡಿ. ಯಾವುದಾದರೂ ಒಂದು ಮಗು ಕೇಳಿಯೇ ಕೇಳುತ್ತದೆ, ಅಲ್ಲಿಯತನಕ ಸುಮ್ನೆ ಇರಿ.

ಆಮೇಲೆ ಆ ಎಪ್ಪತ್ತನ್ನು ಹುಡುಕಲು ಕಳಿಸಿ. ಕಸ ಎಲ್ಲಾ ಕಡೆ ಸಮನಾಗಿ ಬಿದ್ದಿರುವುದಿಲ್ಲ. ಜನ ಕೂತು ದಣಿವಾರಿಸಿಕೊಳ್ಳುವ ಕಡೆ, ನೆರಳು ಇರುವ ಕಡೆ, ತಿರುವಿನಲ್ಲಿ ನಿಂತು ಫೋಟೊ ತೆಗೆಯುವ ಕಡೆ ಗುಡ್ಡೆ ಬಿದ್ದಿರುತ್ತದೆ. ಒಂದು ಹಾಳೆಯಲ್ಲಿ ಮೆಟ್ಟಿಲಿನ ನಕ್ಷೆ ಬರೆದು ಚುಕ್ಕೆ ಇಡಿಸಿ. ಕಸದ ಡಬ್ಬ ಎಲ್ಲಿ ಇಡಬೇಕು ಅಂತ ಆ ನಕ್ಷೆಯೇ ಹೇಳುತ್ತದೆ. ಆದರೆ ಅಲ್ಲಿಗೇ ಮುಗಿಯಲಿಲ್ಲ, ಅಂಜನಾದ್ರಿಯಲ್ಲಿ ಮಂಗಗಳಿವೆ ನೋಡಿ. ಬಾಯಿ ತೆರೆದ ಡಬ್ಬ ಇಟ್ಟರೆ ಅದು ಮಂಗಗಳಿಗೆ ಊಟದ ತಟ್ಟೆ, ಅರ್ಧ ಗಂಟೆಯಲ್ಲಿ ಕಸವೆಲ್ಲಾ ಬಂಡೆ ಮೇಲೆ. ಮಂಗ ತೆಗೆಯಲಾಗದ, ಆದರೆ ಕೈಯಲ್ಲಿ ಮಗು ಎತ್ತಿಕೊಂಡ ತಾಯಿ ಒಂದೇ ಕೈಯಲ್ಲಿ ತೆಗೆಯಬಹುದಾದ ಮುಚ್ಚಳ ಹೇಗಿರಬೇಕು? ರಟ್ಟಿನಲ್ಲಿ ಮಾಡಿ ತರಲು ಹೇಳಿ. ಹೋದ ವರ್ಷದ ಚಿತ್ರಸ್ಪರ್ಧೆಗಿಂತ ಇದರಲ್ಲಿ ಜಗಳ ಜಾಸ್ತಿ ಆಗುತ್ತದೆ, ಜಗಳ ಆದಷ್ಟೂ ಒಳ್ಳೆಯದು.

ಇನ್ನೊಂದು ಪ್ರಯೋಗ ಇದೆ, ಇದು ನನಗೆ ಬಹಳ ಇಷ್ಟ. ಡೇವಿಡ್ ಕೋಲ್, ನೀಲ್ ಬೇಫೀಲ್ಡ್ ಎಂಬ ಇಬ್ಬರು ವಿಜ್ಞಾನಿಗಳು 1993ರಲ್ಲಿ ತುಳಿತದ ಪರಿಣಾಮ ಅಳೆಯುವ ಒಂದು ಸರಳ ವಿಧಾನ ಬರೆದಿಟ್ಟರು. ಹುಲ್ಲು ಇರುವ ಜಾಗದಲ್ಲಿ ಅರ್ಧ ಮೀಟರ್ ಅಗಲ, ಒಂದೂವರೆ ಮೀಟರ್ ಉದ್ದದ ಪಟ್ಟಿಗಳನ್ನು ಗುರುತು ಮಾಡುವುದು. ಒಂದು ಪಟ್ಟಿಯ ಮೇಲೆ ಯಾರೂ ಕಾಲಿಡುವ ಹಾಗಿಲ್ಲ. ಉಳಿದವುಗಳ ಮೇಲೆ 25, 75, 200, 500 ಸಲ ನಡೆಯುವುದು. ನಿಮ್ಮ ಶಾಲೆಯ ಮೈದಾನದ ಮೂಲೆಯಲ್ಲಿ ಮಳೆ ಬಿದ್ದು ಹುಲ್ಲು ಬಂದ ಮೇಲೆ, ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಮಾಡಿಸಿ. ಐನೂರು ಸಲ ನಡೆಯೋಕೆ ಮಕ್ಕಳಿಗೆ ಎಷ್ಟು ಹೊತ್ತು? ಆಟದ ಪಿರಿಯಡ್ ಸಾಕು. ಎರಡು ವಾರ ಬಿಟ್ಟು, ದಾರ ಕಟ್ಟಿ ನೂರು ಚೌಕ ಮಾಡಿ, ಎಷ್ಟು ಚೌಕದಲ್ಲಿ ಹುಲ್ಲು ಹಸಿರಾಗಿ ಉಳಿದಿದೆ ಅಂತ ಎಣಿಸಲಿ. ಜೊತೆಗೆ ಹಾಲಿನ ಪುಡಿಯ ಹಳೇ ಡಬ್ಬದ ಎರಡೂ ಕಡೆ ಕತ್ತರಿಸಿ, ಅಂಚು ಕೈಗೆ ತಾಗದ ಹಾಗೆ ಬಟ್ಟೆ ಸುತ್ತಿ, ಮಣ್ಣಿಗೆ ಸ್ವಲ್ಪ ಒತ್ತಿ, ಒಂದು ಲೋಟ ನೀರು ಹಾಕಿ ಎಷ್ಟು ಹೊತ್ತಿಗೆ ಇಂಗುತ್ತದೆ ನೋಡಲಿ. ತುಳಿದ ಕಡೆ ನೀರು ನಿಂತೇ ಇರುತ್ತದೆ. ಗುಡ್ಡದ ಕಾಲುದಾರಿಯಲ್ಲಿ ಮಳೆನೀರು ಇಂಗದೆ ಹರಿದು ಕೊರಕಲು ಬೀಳುವುದು ಯಾಕೆ ಅಂತ ಆಗ ನೀವು ವಿವರಿಸಬೇಕಾಗಿಯೇ ಇಲ್ಲ.

ಈ ಪ್ರಯೋಗದಲ್ಲಿ ಸಾಮಾನ್ಯವಾಗಿ ಹೊರಬೀಳುವ ಒಂದು ಸಂಗತಿ ದೊಡ್ಡವರಿಗೂ ಗೊತ್ತಿರುವುದಿಲ್ಲ. ಹುಲ್ಲಿಗೆ ಪೆಟ್ಟು ಬೀಳುವುದು ಜಾಸ್ತಿ ಮೊದಲ ಕೆಲವು ಹೆಜ್ಜೆಗಳಿಂದಲೇ. ಆಮೇಲೆ ಬಂದವರು ಹಾಳು ಮಾಡೋಕೆ ಅಲ್ಲಿ ಏನೂ ಉಳಿದಿರುವುದಿಲ್ಲ. ಅಂದರೆ ಆಗಲೇ ಸವೆದ ದಾರಿಯಲ್ಲಿ ಸಾವಿರ ಜನ ಬದಲು ಐನೂರು ಜನ ಹೋದರೆ ಹೆಚ್ಚೇನೂ ಉಳಿಯುವುದಿಲ್ಲ. ಅದೇ ಐನೂರು ಜನ ಹೊಸ ಜಾಗಕ್ಕೆ ಹೋದರೆ ಹೊಸದೊಂದು ಗಾಯ. ಇದನ್ನು ನೆನಪಿಟ್ಟುಕೊಳ್ಳಿ, ಕೆಳಗೆ ಇನ್ನೊಬ್ಬರ ಪ್ರಶ್ನೆಗೆ ಬೇಕಾಗುತ್ತದೆ.

ಹನುಮಮಾಲೆ ವಿಸರ್ಜನೆಯ ದಿನ ಮಾತ್ರ ಈ ಎಣಿಕೆ ಇಟ್ಟುಕೊಳ್ಳಬೇಡಿ. ಆ ಜನಸಾಗರದಲ್ಲಿ ಮಕ್ಕಳನ್ನು ಎಣಿಸುವುದೇ ನಿಮಗೆ ಕೆಲಸ ಆಗುತ್ತದೆ.

ಪ್ರಶ್ನೆ: ನಮ್ಮ ಶಾಲೆಯಿಂದ 58 ಮಕ್ಕಳನ್ನು ದರೋಜಿ ಕರಡಿಧಾಮಕ್ಕೆ ಕರೆದೊಯ್ಯಬೇಕು ಅಂತಿದ್ದೇವೆ. ಒಂದೇ ಬಸ್ಸು. ಏನು ತಯಾರಿ ಬೇಕು? ಇನ್ನೊಂದು ವಿಷಯ, ಕರಡಿ ಕಾಣಲಿ ಅಂತ ಬಂಡೆಗೆ ಬೆಲ್ಲ ಹಚ್ಚುತ್ತಾರೆ ಎಂದು ಕೇಳಿದ ಒಂಬತ್ತನೇ ತರಗತಿ ಹುಡುಗನೊಬ್ಬ 'ಮಂಗಕ್ಕೆ ಬಾಳೆಹಣ್ಣು ಕೊಡಬಾರದು ಅಂತೀರಿ, ಕರಡಿಗೆ ಬೆಲ್ಲ ಕೊಡಬಹುದಾ' ಅಂದ. ನನಗೆ ಉತ್ತರ ಹೊಳೆಯಲಿಲ್ಲ.
— ಒಬ್ಬ ಶಿಕ್ಷಕ, ಸಂಡೂರು ತಾಲ್ಲೂಕು

ಉತ್ತರ: ಆ ಹುಡುಗನಿಗೆ ನನ್ನ ನಮಸ್ಕಾರ ಹೇಳಿ. ಅವನ ಮಾತಿಗೆ ಬರುತ್ತೇನೆ, ಮೊದಲು ನಿಮ್ಮ ಬಸ್ಸು.

ನಾನು ಮೇಷ್ಟ್ರಾಗಿದ್ದಾಗ ಒಮ್ಮೆ ಎಂಬತ್ತು ಮಕ್ಕಳನ್ನು ಕಾಡಿನ ವೀಕ್ಷಣಾ ಗೋಪುರವೊಂದಕ್ಕೆ ಹತ್ತಿಸಿದ್ದೆ. ಪುಳಿಯೋಗರೆ ಪಾಕೀಟಿನ ಚರಪರ, ಹಿಂದಿನ ಸಾಲಿನವರ 'ಎಲ್ಲಿ, ಎಲ್ಲಿ', ಅದರ ಮೇಲೆ ಹೊರಡೋಕೆ ಹೊತ್ತಾಯಿತು ಅಂತ ಡ್ರೈವರ್ ಹೊಡೆದ ಹಾರ್ನು. ಎರಡು ನವಿಲು ಬಿಟ್ಟರೆ ಏನೂ ಕಾಣಲಿಲ್ಲ. ವಾಪಸ್ ಬರುವಾಗ ಒಬ್ಬಳು ಹುಡುಗಿ 'ಸಾರ್, ಕರಡಿ ನಮ್ಮನ್ನು ನೋಡಿಕೊಂಡು ಹೋಗಿರಬೇಕು' ಅಂದಳು. ತಪ್ಪು ನನ್ನದೇ. ಆ ಜಾಗಕ್ಕೆ ಎಷ್ಟು ಜನ ಹಿಡಿಸುತ್ತಾರೆ ಅಂತ ನಾನು ಲೆಕ್ಕ ಹಾಕಿರಲಿಲ್ಲ.

ಆ ಲೆಕ್ಕವನ್ನು ಹೋಗುವ ಮುಂಚೆ ಕರಿಹಲಗೆಯ ಮೇಲೆ ಮಾಡಿಸಿ. ಒಂದು ಕಟ್ಟೆ 40 ಚದರ ಮೀಟರ್ ಇದೆ ಅಂತ ಇಟ್ಟುಕೊಳ್ಳಿ. ಒಬ್ಬರಿಗೆ 2 ಚದರ ಮೀಟರ್ ಬೇಕು ಅಂದರೆ ಒಂದು ಸಲಕ್ಕೆ 20 ಜನ. ನಾಲ್ಕು ಗಂಟೆ ತೆರೆದಿರುತ್ತದೆ, ಒಂದು ತಂಡಕ್ಕೆ ಒಂದು ಗಂಟೆ, ದಿನಕ್ಕೆ 80 ಜನ. ಇವು ನಾನು ಸುಮ್ನೆ ಇಟ್ಟ ಅಂಕಿಗಳು, ಅಲ್ಲಿ ಹೋಗಿ ನಿಜವಾದ ಅಳತೆ ಹಾಕಲಿ. ಇದಕ್ಕೆ ಧಾರಣಾ ಸಾಮರ್ಥ್ಯ ಅಂತ ಹೆಸರು. ಆಮೇಲೆ ಕೇಳಿ, ಇಪ್ಪತ್ತು ಜನ ಗಲಾಟೆ ಮಾಡುವವರು ಬಂದರೆ ಜಾಸ್ತಿ ತೊಂದರೆಯೋ, ನಲವತ್ತು ಜನ ಬಾಯಿ ಮುಚ್ಚಿಕೊಂಡು ಕೂರುವವರು ಬಂದರೆ ಜಾಸ್ತಿ ತೊಂದರೆಯೋ? ಲೆಕ್ಕ ಅಲ್ಲಿ ಕೈ ಕೊಡುತ್ತದೆ. ಅಮೆರಿಕದ ಅರಣ್ಯ ಸೇವೆಯವರಿಗೂ ಹೀಗೇ ಆಗಿತ್ತು. ಎಷ್ಟು ಜನ ಎಂಬ ಪ್ರಶ್ನೆಯನ್ನೇ ಬದಿಗಿಟ್ಟು, ಇಲ್ಲಿ ಎಷ್ಟು ಬದಲಾವಣೆ ಆದರೆ ನಾವು ಒಪ್ಪುತ್ತೇವೆ ಅಂತ ಮೊದಲು ತೀರ್ಮಾನ ಮಾಡಿ, ಅದು ಮೀರುತ್ತಿದೆಯಾ ಅಂತ ಆಗಾಗ ಅಳೆಯುವ ಕ್ರಮವನ್ನು ಅವರು 1985ರಲ್ಲಿ ಹೊರತಂದರು.

ನಿಮ್ಮ 58 ಮಕ್ಕಳನ್ನು ಎರಡು ದಿನಕ್ಕೆ ಹಂಚಿದರೆ ಬಹಳ ಒಳ್ಳೆಯದು. ದುಡ್ಡು ಹೊಂದಿಸೋಕೆ ಆಗದಿದ್ದರೆ, ಅರ್ಧ ಮಕ್ಕಳು ಗೋಪುರದಲ್ಲಿ ಇರುವಾಗ ಉಳಿದವರು ಕಮಲಾಪುರದ ಅಟಲ್ ಬಿಹಾರಿ ವಾಜಪೇಯಿ ಜೈವಿಕ ಉದ್ಯಾನದಲ್ಲಿ ಇರಲಿ, ದೂರ ಏನಿಲ್ಲ. ಕರಡಿ ಸಾಮಾನ್ಯವಾಗಿ ಬಿಸಿಲು ಇಳಿದ ಮೇಲೆ ಗುಹೆ ಬಿಟ್ಟು ಬರುತ್ತದೆ, ಅದಕ್ಕೇ ಧಾಮಕ್ಕೆ ಪ್ರವೇಶ ಮಧ್ಯಾಹ್ನದ ಮೇಲೆ. ಸಮಯವನ್ನು ಅರಣ್ಯ ಇಲಾಖೆಯವರ ಹತ್ತಿರ ಮೊದಲೇ ಕೇಳಿಕೊಳ್ಳಿ. ಊಟ ಹೊರಗೇ ಮುಗಿಸಿ. ಕರಡಿಗೆ ಕಣ್ಣು ಮಂದ, ಮೂಗು ಬಲು ಚುರುಕು ಅನ್ನುವುದನ್ನು ಬಸ್ಸಿನಲ್ಲೇ ಹೇಳಿ, ಸೆಂಟು ಹಾಕಿಕೊಂಡು ಬರುವ ಹತ್ತನೇ ತರಗತಿಯವರಿಗೆ ವಿಶೇಷವಾಗಿ. ಅಭಯಾರಣ್ಯದಲ್ಲಿ ಪ್ರಾಣಿಗಳನ್ನು ಕೆಣಕುವುದು, ಕಸ ಹಾಕುವುದು ಎರಡೂ 1972ರ ವನ್ಯಜೀವಿ ಕಾಯ್ದೆ ಪ್ರಕಾರ ತಪ್ಪು. ಇದನ್ನು ಹೆದರಿಸೋಕೆ ಅಲ್ಲ, ಮಾಹಿತಿಗೆ ಹೇಳಿ.

ಈಗ ಬೆಲ್ಲ. ದರೋಜಿ ಕರಡಿಧಾಮ ಆಗಿದ್ದು 1994ರಲ್ಲಿ. ಬಂಡೆಗೆ ಬೆಲ್ಲ, ಜೇನು ಹಚ್ಚಿ ಕರಡಿಯನ್ನು ಗೋಪುರದ ಎದುರಿಗೆ ಕರೆಸುವ ಪದ್ಧತಿ ಅಲ್ಲಿಗೆ ಹೋಗಿ ಬಂದವರಿಗೆಲ್ಲಾ ಗೊತ್ತು. ಅದರಿಂದ ಒಂದು ಉಪಯೋಗ ಇದೆ. ಜನ ಒಂದೇ ಕಡೆ ಕೂರುತ್ತಾರೆ, ಕರಡಿ ಹುಡುಕಿಕೊಂಡು ಕಾಡೆಲ್ಲಾ ಜೀಪು ಓಡಿಸುವುದಿಲ್ಲ, ನೋಡುವವರಿಗೂ ಕರಡಿಗೂ ನಡುವೆ ದೂರ ಇರುತ್ತದೆ, ಕೊಡುವ ಕೈ ಕರಡಿಗೆ ಕಾಣುವುದಿಲ್ಲ. ಬಾಳೆಹಣ್ಣು ಕೈಯಿಂದ ಕಿತ್ತುಕೊಳ್ಳುವ ಮಂಗಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅಷ್ಟೇ. ಆದರೆ ನಿಮ್ಮ ಹುಡುಗ ಕೇಳಿದ್ದು ಸುಳ್ಳಲ್ಲ. ಗೆದ್ದಲು, ಇರುವೆ, ಬಾರಿ ಹಣ್ಣು, ಕವಳಿ ಹಣ್ಣು ತಿಂದು ಬದುಕುವ ಪ್ರಾಣಿ ಅದು. ಗೆದ್ದಲು ಹೀರೋಕೆ ಅನುಕೂಲ ಆಗಲಿ ಅಂತಲೇ ಮೇಲಿನ ದವಡೆಯ ನಡುವಿನ ಎರಡು ಹಲ್ಲು ಇಲ್ಲದ ಪ್ರಾಣಿ. ಅದಕ್ಕೆ ನಮ್ಮ ನೋಟಕ್ಕೋಸ್ಕರ ಟೈಂಟೇಬಲ್ ಹಾಕಿದರೆ ಅದನ್ನು ಪೂರ್ತಿ ಕಾಡುಪ್ರಾಣಿ ಅನ್ನಬಹುದಾ?

ಅಮೆರಿಕದ ಯೆಲ್ಲೊಸ್ಟೋನ್ ಉದ್ಯಾನದಲ್ಲಿ ಹಿಂದೆ ಹೋಟೆಲಿನ ಎಂಜಲು ಸುರಿದು ಕರಡಿಗಳನ್ನು ಕರೆಸಿ, ಜನರನ್ನು ಬೆಂಚಿನ ಮೇಲೆ ಸಾಲಾಗಿ ಕೂರಿಸಿ ತೋರಿಸುತ್ತಿದ್ದರು. ಆ ಪ್ರದರ್ಶನ ಕೊನೆಯಾಗಿದ್ದು 1941ರಲ್ಲಿ, ಎಂಜಲಿನ ಗುಂಡಿಗಳನ್ನು ಪೂರ್ತಿ ಮುಚ್ಚಿದ್ದು 1970ರ ಹೊತ್ತಿಗೆ. ಮುಚ್ಚಿದ ಮೇಲಿನ ಕೆಲವು ವರ್ಷ ಇನ್ನೂ ಕಷ್ಟ, ರೂಢಿ ತಪ್ಪಿದ ಕರಡಿಗಳು ಜನರ ಹತ್ತಿರ ಬಂದವು, ಬಹಳ ಕರಡಿಗಳು ಸತ್ತವು. ಅಂದರೆ ಶುರು ಮಾಡುವುದು ಸುಲಭ, ನಿಲ್ಲಿಸುವುದು ಕಷ್ಟ. ನನ್ನನ್ನು ಕೇಳಿದರೆ, ಕರಡಿ ಕಾಣದೆ ವಾಪಸ್ ಬಂದರೂ ಪರವಾಗಿಲ್ಲ ಎನ್ನುವ ನೋಡುಗರು ಮೊದಲು ತಯಾರಾಗಬೇಕು, ಬೆಲ್ಲ ಆಮೇಲೆ ತಾನಾಗಿಯೇ ಕಡಿಮೆ ಮಾಡಬಹುದು. ನೀವು ತೀರ್ಪು ಕೊಡಬೇಡಿ. ತರಗತಿಯನ್ನು ಎರಡು ಪಕ್ಷ ಮಾಡಿ ವಾದ ಮಾಡಿಸಿ, ಆ ಹುಡುಗನನ್ನು ಬೆಲ್ಲದ ಪರವಾಗಿ ನಿಲ್ಲಿಸಿ.

ಪ್ರಶ್ನೆ: ನಾನು ಎಂಟನೇ ತರಗತಿ. ನಮ್ಮೂರ ಹೊಳೆಯಲ್ಲಿ ನೀರುನಾಯಿ ಇವೆ, ಅದಕ್ಕೆ ಸಂರಕ್ಷಣಾ ಮೀಸಲು ಮಾಡಿದ್ದಾರೆ ಅಂತ ಟೀಚರ್ ಹೇಳಿದರು. ಆದರೆ ಗೇಟಿಲ್ಲ, ಟಿಕೆಟ್ ಇಲ್ಲ, ಬೇಲಿ ಇಲ್ಲ. ಹಾಗಾದರೆ ಅದು ಹೇಗೆ ಮೀಸಲು?
— ಒಬ್ಬ ವಿದ್ಯಾರ್ಥಿನಿ, ಕಂಪ್ಲಿ

ಉತ್ತರ: ಒಳ್ಳೇ ಪ್ರಶ್ನೆ ತಂಗಿ. ತುಂಗಭದ್ರಾ ಅಣೆಕಟ್ಟಿನಿಂದ ಕೆಳಗೆ ನಿಮ್ಮ ಕಂಪ್ಲಿ ಸೇತುವೆವರೆಗೆ ಸುಮಾರು 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದರು. ಅದು ಮುಗಿಯುವುದೇ ನಿಮ್ಮ ಸೇತುವೆ ಹತ್ತಿರ.

ಹೊಳೆಗೆ ಬೇಲಿ ಹಾಕೋಕೆ ಆಗುತ್ತದಾ? ದಡದಲ್ಲಿ ಬಟ್ಟೆ ಒಗೆಯುವವರು, ಮೀನು ಹಿಡಿಯುವವರು, ಗದ್ದೆಗೆ ನೀರೆತ್ತುವವರು, ದನ ಮೈ ತೊಳೆಯುವವರು, ಎಲ್ಲರೂ ಇದ್ದಾರೆ. ಅದಕ್ಕೇ 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ತಂದು 'ಸಂರಕ್ಷಣಾ ಮೀಸಲು' ಅಂತ ಹೊಸದೊಂದು ಬಗೆ ಮಾಡಿದರು. ಸರ್ಕಾರದ ಜಾಗದಲ್ಲಿ, ಊರಿನವರನ್ನು ಕೇಳಿ ಮಾಡಬೇಕು. ನೋಡಿಕೊಳ್ಳುವ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯವರಿಗೂ ಜಾಗ ಇರಬೇಕು. ಅಂದರೆ ಗೇಟು ಕಾಯುವ ಕೆಲಸ ಒಬ್ಬ ವಾಚರ್‌ದು ಮಾತ್ರ ಅಲ್ಲ.

ನೀರುನಾಯಿಗೆ ಬೇಕಾಗಿರುವುದು ಮೂರು. ಮೀನು, ಮರಿ ಹಾಕೋಕೆ ಬಂಡೆ ಸಂದು ಮತ್ತು ಜೊಂಡು, ಹೊಳೆ ದಂಡೆಯಲ್ಲಿ ಒಂದಷ್ಟು ಸದ್ದಿಲ್ಲದ ಹೊತ್ತು. ಮದ್ದು ಸಿಡಿಸಿ ಮೀನು ಹಿಡಿದರೆ ಮೂರೂ ಹೋಗುತ್ತವೆ. ನೀನು ಬೆಳಗ್ಗೆ ಹೊಳೆ ಕಡೆ ಹೋದರೆ, ದೊಡ್ಡವರ ಜೊತೆಯಲ್ಲೇ ಹೋಗು, ಸುಳಿ ಇರುತ್ತದೆ, ಯಾವ ಹೊತ್ತಿಗೆ ದಡದಲ್ಲಿ ಎಷ್ಟು ಜನ ಇರುತ್ತಾರೆ ಅಂತ ಒಂದು ವಾರ ಬರೆದಿಡು. ಬಂಡೆ ಮೇಲೆ ಮೀನಿನ ಚಿಪ್ಪು, ಮುಳ್ಳು ತುಂಬಿದ ಲದ್ದಿ ಕಂಡರೆ ಅದು ಬಹುಶಃ ನೀರುನಾಯಿಯದು, ಮುಟ್ಟಬೇಡ, ಎಲ್ಲಿತ್ತು ಅಂತ ಬರೆದುಕೋ. ಎರಡೂ ಪಟ್ಟಿ ಒಟ್ಟಿಗೆ ಇಟ್ಟು ನೋಡಿದರೆ ನಿನಗೇ ಏನೋ ಹೊಳೆಯುತ್ತದೆ. ನನಗೂ ಬರೆದು ಕಳಿಸು.

ಪ್ರಶ್ನೆ: ನಾನು ತೆಪ್ಪ ಹಾಕುವವನು. ನೀವು ಮೇಷ್ಟ್ರುಗಳು ಮಕ್ಕಳಿಗೆ ಜನ ಬರಬಾರದು ಅಂತ ಹೇಳಿಕೊಟ್ಟರೆ ನಮ್ಮ ಹೊಟ್ಟೆ ಗತಿ ಏನು? ವಿರೂಪಾಪುರ ಗಡ್ಡಿಯಲ್ಲಿ ಏನಾಯಿತು ನೋಡಿದ್ದೀರಲ್ಲ. ಅಂಜನಾದ್ರಿಯಲ್ಲಿ ಜನ ಜಾಸ್ತಿ ಅನ್ನುವುದಾದರೆ ಅರ್ಧ ಜನರನ್ನು ಹಿರೇಬೆಣಕಲ್ ಕಡೆ ಕಳಿಸಿ, ಅಲ್ಲಿನ ಊರಿಗೂ ನಾಲ್ಕು ಕಾಸು ಸಿಗಲಿ.
— ಆನೆಗೊಂದಿ ಕಡೆಯ ಓದುಗ

ಉತ್ತರ: ತಮ್ಮಾ, ಜನ ಬರಬಾರದು ಅಂತ ನಾನು ಎಲ್ಲೂ ಬರೆದಿಲ್ಲ, ಬಂದವರನ್ನು ಸಂಭಾಳಿಸುವುದು ಅಂತ ಬರೆದೆ. ಆದರೆ ನಿಮ್ಮ ಸಿಟ್ಟು ಅರ್ಥ ಆಗುತ್ತದೆ. ಹಂಪಿ ಎದುರಿನ ಆ ನಡುಗಡ್ಡೆಯಲ್ಲಿ ನಿಯಮ ಮೀರಿ ಕಟ್ಟಿದ್ದ ರೆಸಾರ್ಟುಗಳ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2020ರ ಫೆಬ್ರುವರಿಯಲ್ಲಿ ತೀರ್ಪು ಬಂದು, ಮುಂದಿನ ತಿಂಗಳೇ ಕಟ್ಟಡಗಳು ಉರುಳಿದವು. ಅಲ್ಲಿ ಪಾತ್ರೆ ತೊಳೆಯುತ್ತಿದ್ದವರು, ಬೈಕು ಬಾಡಿಗೆ ಕೊಡುತ್ತಿದ್ದವರು ಒಮ್ಮೆಲೇ ಖಾಲಿ ಕೈ. ಅದಕ್ಕೂ ಮುಂಚೆ, 1999ರಲ್ಲಿ, ಹೊಳೆಗೆ ಕಟ್ಟುತ್ತಿದ್ದ ಸೇತುವೆಗಳ ಕಾರಣಕ್ಕೆ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತ್ತು, ಹೊರಗೆ ಬರೋಕೆ 2006 ಆಯಿತು. ನನಗೆ ಇದರಲ್ಲಿ ಕಾಣುವುದು ಇಷ್ಟು, ಮೊದಲೇ ಎಲ್ಲಿ ಏನು ಇರಬಹುದು ಅಂತ ಗೆರೆ ಎಳೆದು, ಆ ಗೆರೆಯನ್ನು ಎಲ್ಲರಿಗೂ ಹೇಳಿ, ಕಾಪಾಡಿಕೊಂಡು ಬಂದಿದ್ದರೆ ಕಟ್ಟಿದವನಿಗೂ ಕೆಡವಿದವನಿಗೂ ಆ ದಿನ ಬರುತ್ತಿರಲಿಲ್ಲ.

ಹಿರೇಬೆಣಕಲ್ ವಿಷಯದಲ್ಲಿ ಮಾತ್ರ ನಾನು ನಿಮ್ಮ ಮಾತು ಒಪ್ಪುವುದಿಲ್ಲ. ಮೇಲೆ ಹುಲ್ಲಿನ ಪ್ರಯೋಗ ಹೇಳಿದೆನಲ್ಲ, ಅದನ್ನು ಇಲ್ಲಿ ಹಾಕಿ ನೋಡಿ. ಅಂಜನಾದ್ರಿಯಲ್ಲಿ ಕಲ್ಲು ಮೆಟ್ಟಿಲಿದೆ, ಜನ ಅದರ ಮೇಲೆ ಹೋಗುತ್ತಾರೆ, ಇನ್ನೂ ಸಾವಿರ ಜನ ಬಂದರೂ ಮೆಟ್ಟಿಲು ತಡೆಯುತ್ತದೆ. ತೊಂದರೆ ಇರುವುದು ಕಸ, ಶೌಚಾಲಯ, ಪಾರ್ಕಿಂಗ್ ಇವುಗಳಲ್ಲಿ, ಅವೆಲ್ಲಾ ದುಡ್ಡು ಹಾಕಿದರೆ ಸರಿಹೋಗುವಂಥವು. ಹಿರೇಬೆಣಕಲ್‌ನ ಮೋರ್ಯರ ಗುಡ್ಡದಲ್ಲಿ ಹಾಗಲ್ಲ. ಸುಮಾರು ನಾಲ್ಕು ನೂರು ಬೃಹತ್ ಶಿಲಾ ಸಮಾಧಿಗಳು ಅಲ್ಲಿವೆ, ಎರಡು ಸಾವಿರ ವರ್ಷಕ್ಕೂ ಹಳೆಯವು. ಚಪ್ಪಡಿ ಕಲ್ಲನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ್ದಾರೆ, ಅಷ್ಟೇ. ಮೇಲೆ ಹತ್ತಿ ಸೆಲ್ಫಿ ತೆಗೆಯುವವರು ನಾಲ್ಕು ಜನ ಸಾಕು. ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ, ಅಂದರೆ ಮುಂದೆ ವಿಶ್ವ ಪರಂಪರೆಯ ತಾಣ ಆಗಬಹುದಾದ ಜಾಗಗಳ ಪಟ್ಟಿಗೆ, 2021ರಲ್ಲಿ ಸೇರಿದ ಜಾಗ ಅದು. ಅಲ್ಲಿಗೆ ಹೋಗುವವರು ಊರಿನ ಹುಡುಗರನ್ನೇ ಗೈಡ್ ಮಾಡಿಕೊಂಡು, ಹತ್ತು ಹತ್ತು ಜನ, ಒಂದೇ ದಾರಿಯಲ್ಲಿ ಹೋಗಿ ಬರಲಿ. ಆಗ ಊರಿಗೆ ಕಾಸೂ ಸಿಗುತ್ತದೆ. ಬಸ್ಸು ಬಸ್ಸು ಇಳಿಸಿದರೆ ಕಾಸು ಸಿಗುವುದು ಕೂಲ್‌ಡ್ರಿಂಕ್ಸ್ ಕಂಪನಿಗೆ.

ಒಂದು ಕೋರಿಕೆ. ನಿಮ್ಮ ಹತ್ತಿರದ ಶಾಲೆಯವರು ಕರೆದರೆ ಒಂದು ತಾಸು ಹೋಗಿ ಮಕ್ಕಳ ಹತ್ತಿರ ಮಾತಾಡಿ. ಹೊಳೆ ತುಂಬಿದಾಗ ತೆಪ್ಪ ಯಾವಾಗ ನಿಲ್ಲಿಸುತ್ತೀರಿ, ಒಂದು ತೆಪ್ಪಕ್ಕೆ ಎಷ್ಟು ಜನ, ಇನ್ನಿಬ್ಬರನ್ನು ಹತ್ತಿಸಿ ಅಂತ ದುಡ್ಡಿದ್ದವನು ಪೀಡಿಸಿದಾಗ ಏನಂತೀರಿ ಅಂತ ಹೇಳಿ. ಬಂದವರನ್ನು ಸಂಭಾಳಿಸುವುದು ನಿಮಗೆ ದಿನದ ಕೆಲಸ, ನಮಗೆ ಬರೀ ಪಾಠ.

ಪ್ರಶ್ನೆ: ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಧಾಮ ಆಗಿದೆಯಂತೆ. ಇಕೋ ಕ್ಲಬ್ ಮಕ್ಕಳನ್ನು ತೋಳ ತೋರಿಸೋಕೆ ಕರೆದೊಯ್ಯಬಹುದಾ?
— ಒಬ್ಬ ಶಿಕ್ಷಕ, ಕುಷ್ಟಗಿ

ಉತ್ತರ: ಬೇಡ ಸರ್. ಮುನ್ನೂರು ಚಿಲ್ಲರೆ ಹೆಕ್ಟೇರಿನ ಸಣ್ಣ ಜಾಗ ಅದು, ತೋಳ ಮರಿ ಹಾಕಿ ಸಾಕುವ ಜಾಗ. ಗವಿಯ ಹತ್ತಿರ ಜನ ಸುಳಿದಾಡಿದರೆ ತಾಯಿ ಮರಿಗಳನ್ನು ಕಚ್ಚಿಕೊಂಡು ಬೇರೆ ಕಡೆ ಹೋಗುತ್ತದೆ. ಬೇರೆ ಕಡೆ ಅಂದರೆ ಯಾರದೋ ಹೊಲ, ಯಾರದೋ ಕುರಿಹಟ್ಟಿ ಪಕ್ಕ. ಕೆಲವು ಕಡೆ ಸರಿಯಾದ ನಿರ್ವಹಣೆ ಅಂದರೆ ಯಾರೂ ಹೋಗದೆ ಇರುವುದು. ತೋಳದ ಬದಲು ನಿಮ್ಮೂರಿನ ಕುರಿಗಾಹಿ ಅಜ್ಜ ಒಬ್ಬರನ್ನು ತರಗತಿಗೆ ಕರೆಸಿ. ಅವರಿಗೆ ಗೊತ್ತಿರುವಷ್ಟು ತೋಳದ ವಿಷಯ ಜೀಪಿನಲ್ಲಿ ಕೂತು ನೋಡಿದವರಿಗೆ ಗೊತ್ತಿರುವುದಿಲ್ಲ.

ಪ್ರಶ್ನೆ: ಓದೋದು ಬಿಟ್ಟು ಮಕ್ಕಳನ್ನು ಗುಡ್ಡ ಸುತ್ತಿಸಿ ಜನ ಎಣಿಸು ಅಂದರೆ ಎಸ್‌ಎಸ್‌ಎಲ್‌ಸಿಯಲ್ಲಿ ಮಾರ್ಕ್ಸ್ ಯಾರು ಕೊಡುತ್ತಾರೆ?
— ಒಬ್ಬ ತಾಯಿ, ಕೊಪ್ಪಳ

ಉತ್ತರ: ಅಕ್ಕಾವ್ರೇ, ಸರಾಸರಿ, ಶೇಕಡಾವಾರು, ನಕ್ಷೆ, ಮಣ್ಣಿನ ಸವಕಳಿ, ನೀರು ಇಂಗುವುದು, ವರದಿ ಬರೆಯುವುದು ಎಲ್ಲಾ ಸಿಲಬಸ್ಸಿನಲ್ಲೇ ಇವೆ. ಗಣಿತದ ಮೇಷ್ಟ್ರು ಪುಸ್ತಕದ ಅಂಕಿ ಬದಲು ಮಗು ತಾನೇ ಎಣಿಸಿದ ಅಂಕಿ ಕೊಟ್ಟರೆ ಲೆಕ್ಕ ಬೇಗ ಹತ್ತುತ್ತದೆ, ಇದು ನನ್ನ ಅನುಭವ. ಆದರೆ ಹತ್ತನೇ ತರಗತಿಯವರನ್ನು ಜನವರಿ ಆದ ಮೇಲೆ ಹೊರಗೆ ಕರೆದೊಯ್ದರೆ ನಾನೂ ನಿಮ್ಮ ಪಕ್ಷವೇ.

ಪ್ರಶ್ನೆ: ನಿಮ್ಮ ಮಾತೆಲ್ಲಾ ಹಂಪಿ, ದರೋಜಿ ಸುತ್ತಲೇ. ನಮ್ಮ ಶಾಲೆ ರಾಯಚೂರು ಜಿಲ್ಲೆಯ ಮಸ್ಕಿ ಹತ್ತಿರ. ಕರಡಿ ಇಲ್ಲ, ನೀರುನಾಯಿ ಇಲ್ಲ, ಪ್ರವಾಸಿಗರೂ ಅಷ್ಟಿಲ್ಲ. ನಾವೇನು ಮಾಡಬೇಕು?
— ಒಬ್ಬ ಶಿಕ್ಷಕಿ, ಮಸ್ಕಿ ತಾಲ್ಲೂಕು

ಉತ್ತರ: ನಿಮ್ಮೂರಿನ ಗುಡ್ಡದಲ್ಲೇ ಅಲ್ವಾ ಅಶೋಕನ ಹೆಸರು ಹೇಳುವ ಶಾಸನ 1915ರಲ್ಲಿ ಸಿಕ್ಕಿದ್ದು, ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದು? ಅದು ಬಂಡೆಯ ಮೇಲೇ ಇದೆ, ಗುಡ್ಡದ ಮೇಲೇ ಇದೆ. ಪ್ರವಾಸಿಗರು ಕಡಿಮೆ ಇರುವುದು ನಿಮಗೆ ಲಾಭ. ಜನ ಬಂದು ದಾರಿ ಸವೆಯುವ ಮುಂಚಿನ ಸ್ಥಿತಿಯನ್ನು ಬರೆದಿಡುವ ಅವಕಾಶ ಗಂಗಾವತಿ ಕಡೆಯವರಿಗೆ ಎಂದೋ ತಪ್ಪಿಹೋಗಿದೆ, ನಿಮಗೆ ಇನ್ನೂ ಇದೆ. ಗುಡ್ಡಕ್ಕೆ ಹೋಗುವ ಕಾಲುದಾರಿಯ ಅಗಲವನ್ನು ಐದು ಕಡೆ ಟೇಪು ಹಿಡಿದು ಅಳೆಯಿರಿ, ಅದೇ ಐದು ಕಡೆ ನಿಂತು ಫೋಟೊ ತೆಗೆಯಿರಿ, ದಿನಾಂಕ ಹಾಕಿ ಶಾಲೆಯ ಬೀರುವಿನಲ್ಲಿ ಇಡಿ. ಪ್ರತಿ ವರ್ಷ ಎಂಟನೇ ತರಗತಿಗೆ ಬಂದವರು ಅದೇ ಜಾಗದಲ್ಲಿ ಅಳೆಯಲಿ.

ಇನ್ನೂ ಒಂದು ವಿಷಯ ಮಕ್ಕಳಿಗೆ ಹೇಳಬಹುದು, ಕಾಪಾಡುವುದಕ್ಕೆ ಒಂದೇ ಕಾನೂನು ಇಲ್ಲ. ಕರಡಿಗೆ ವನ್ಯಜೀವಿ ಕಾಯ್ದೆ. ಶಾಸನಕ್ಕೆ ಪುರಾತತ್ವದ ಕಾಯ್ದೆ, ಅದಕ್ಕೆ 2010ರ ತಿದ್ದುಪಡಿ ಆದ ಮೇಲೆ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗಿಲ್ಲ, ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕು. ಸುತ್ತಲ ಬರೀ ಗುಡ್ಡಕ್ಕೆ? ಅದನ್ನು ಕಂದಾಯ ಇಲಾಖೆಯವರನ್ನೋ ಪಂಚಾಯಿತಿಯವರನ್ನೋ ಮಕ್ಕಳೇ ಹೋಗಿ ಕೇಳಲಿ, ಒಂದು ಅರ್ಜಿ ಬರೆಯುವುದನ್ನೂ ಕಲಿತ ಹಾಗಾಗುತ್ತದೆ.

ಜನ ಎಣಿಸುವ ಪಾಠ ಬೇಕೇ ಬೇಕು ಅಂದರೆ ನಿಮ್ಮೂರ ಜಾತ್ರೆ ಸಾಕು. ಮಿರ್ಚಿ ಮಂಡಕ್ಕಿ ಅಂಗಡಿ ಎಲ್ಲಿ ಹಾಕಿದರೆ ಕಾಗದ ಎಲ್ಲಿ ಬೀಳುತ್ತದೆ, ನೀರಿನ ಟ್ಯಾಂಕ್ ಹತ್ತಿರ ಸಾಲು ಎಷ್ಟುದ್ದ, ಕೆರೆ ಕಡೆ ಗಾಡಿ ನಿಲ್ಲಿಸಿದರೆ ಎಣ್ಣೆ ಎಲ್ಲಿಗೆ ಹರಿಯುತ್ತದೆ. ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ. ಮೊದಲ ಸಲ ಎಣಿಸುವಾಗ ಎಲ್ಲಾ ಮಕ್ಕಳೂ ಒಂದೇ ತಪ್ಪು ಮಾಡುತ್ತಾರೆ, ತಮ್ಮನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೂವತ್ತು ಮಕ್ಕಳು, ನೀವಿಬ್ಬರು ಶಿಕ್ಷಕರು. ಆ ಮೂವತ್ತೆರಡು ಜನರನ್ನೂ, ಅವರು ತಂದ ನೀರಿನ ಬಾಟಲಿಗಳನ್ನೂ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಬರೆಸಿ.